ಹನ್ನೊಂದು ಗಂಟೆಯ ತನಕ

ಡಿಪೋದಲ್ಲಿ ಅವನನ್ನು ಎಲ್ಲರೂ ಸಾವಕಾಶಪ್ಪ ಎಂದೇ ಕರೆಯುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ ಬಸ್ಸು ಓಡಿಸಿದವನು, ಒಂದು ನಾಯಿಗೂ ಚಕ್ರ ತಾಗಿಸಿದವನಲ್ಲ. ಹಿಂದಿನ ಗಾಡಿಯವನು ಹಾರ್ನ್ ಒತ್ತಿ ಒತ್ತಿ ತಾನೇ ಸೋತು ಸುಮ್ಮನಾಗಬೇಕಿತ್ತೇ ವಿನಾ ಇವನು ತನ್ನ ಪಾಡು ಬಿಟ್ಟು ಒಂದು ಗೇರು ಮೇಲೆ ಹಾಕುತ್ತಿರಲಿಲ್ಲ. ಅವನ ಜೊತೆ ಹದಿನಾಲ್ಕು ವರ್ಷ ಕಂಡಕ್ಟರಾಗಿದ್ದವನ ಹೆಸರು ಚಿಲ್ಲರೆ. ಚೀಲದ ತುಂಬ ನಾಣ್ಯ ಇಟ್ಟುಕೊಂಡೂ "ಚಿಲ್ಲರೆ ಇಲ್ಲ, ಇಳಿಯುವಾಗ ಇಸ್ಕೊಳ್ಳಿ" ಎಂದು ಜನ್ಮವಿಡೀ ಹೇಳಿಕೊಂಡು ಬಂದ ಪುಣ್ಯಾತ್ಮ. ಇಬ್ಬರೂ ದಿನಕ್ಕೆ ಹತ್ತು ಮಾತು ಆಡುತ್ತಿದ್ದರೋ ಇಲ್ಲವೋ. ಅವರ ಮಾತೆಲ್ಲ ಬೆಲ್ಲಿನಲ್ಲೇ. ಒಂದು ಸಲ ಹೊಡೆದರೆ ನಿಲ್ಲು, ಎರಡು ಸಲ ಹೊಡೆದರೆ ಹೊರಡು, ಮೂರು ಸಲ ಹೊಡೆದರೆ ಒಳಗೆ ಕಾಲಿಡಲು ಜಾಗವಿಲ್ಲ, ಎಲ್ಲೂ ನಿಲ್ಲಿಸದೆ ಹೋಗು. ಅಷ್ಟರಲ್ಲೇ ಒಬ್ಬರಿಗೊಬ್ಬರು ಅರ್ಥವಾಗಿದ್ದರು.

ಕುಡಿತ ಸಾವಕಾಶಪ್ಪನಿಗೆ ಹೊಸದೇನಲ್ಲ. ಡ್ಯೂಟಿ ಮುಗಿದ ಮೇಲೆ ಡಿಪೋದ ಹಿಂದಿನ ಬಾರಿನಲ್ಲಿ ಎರಡು ಪೆಗ್ ರಮ್ಮು, ಒಂದು ಪೊಟ್ಟಣ ಕಡಲೆಕಾಯಿ ಬೀಜ. ಗಡಿಯಾರ ಎಂಟು ತೋರಿಸಿದರೆ ಲೋಟ ಮಗುಚಿಟ್ಟು ಎದ್ದುಬಿಡುವನು. ಯಾಕೆಂದರೆ ಬೆಳಿಗ್ಗೆ ಐದಕ್ಕೆ ಡಿಪೋ ಗೇಟಿನಲ್ಲಿ ಬಾಯಿ ತೋರಿಸಬೇಕು. ಮೊದಮೊದಲು ಗೇಟಿನ ಮೇಸ್ತ್ರಿ ಹತ್ತಿರ ನಿಲ್ಲಿಸಿಕೊಂಡು ಮೂಗಿನಿಂದಲೇ ನೋಡಿ ಬಿಡುತ್ತಿದ್ದ. ಆಮೇಲೆ ಊದುವ ಯಂತ್ರ ಬಂತು. ಉಸಿರಿನಲ್ಲಿ ಹೆಂಡ ಎಷ್ಟಿದೆ ಎಂದು ಅಂಕಿಯಲ್ಲಿ ಹೇಳುವ ಆ ಪುಟ್ಟ ಕಪ್ಪು ಡಬ್ಬಿಗೆ ಡ್ರೈವರುಗಳು ಪೀಪಿ ಎಂದು ಹೆಸರಿಟ್ಟರು. ಪೀಪಿ ಊದಿ ಸೊನ್ನೆ ಬಂದರೆ ಬಸ್ಸು ಕೈಗೆ, ಬೇರೇನು ಬಂದರೂ ನೋಟೀಸು ಕೈಗೆ. ಸಾವಕಾಶಪ್ಪನಿಗೆ ಒಂದು ದಿನವೂ ಸೊನ್ನೆ ಬಿಟ್ಟು ಇನ್ನೊಂದು ಬಂದಿರಲಿಲ್ಲ. ಅದು ತನ್ನ ಹಿಡಿತ ಎಂದು ಅವನು ತಿಳಿದುಕೊಂಡಿದ್ದ.

ಐವತ್ತೆರಡನೇ ವಯಸ್ಸಿನಲ್ಲಿ ಬೆನ್ನು ಕೈಕೊಟ್ಟಿತು. ಸೀಟಿನಿಂದ ಇಳಿಯಲು ಹೋದವನು ಅರ್ಧಕ್ಕೇ ಸಿಕ್ಕಿಕೊಂಡು, ಇಬ್ಬರು ಹಿಡಿದು ಇಳಿಸಬೇಕಾಯಿತು. ಎಂಟು ಗಂಟೆ ಕೂತು ದೊಡ್ಡ ಗಾಡಿ ಓಡಿಸುವುದು ಇನ್ನು ಸಾಧ್ಯವಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಮ್ಯಾನೇಜರು ಒಳ್ಳೆಯವರೇ, ಕರೆದು ಕೂರಿಸಿ, "ಗೇಟಿನಲ್ಲಿ ಮಷೀನ್ ಹಿಡಿಯೋ ಕೆಲಸ ಖಾಲಿ ಇದೆ. ಕುರ್ಚಿ ಕೆಲಸ. ರಿಟೈರ್ ಆಗೋ ತನಕ ಆರಾಮಾಗಿ ಕೂತಿರಿ" ಎಂದರು. ಇಲ್ಲವಾದರೆ ಅವಧಿಗೆ ಮುಂಚೆಯೇ ನಿವೃತ್ತಿ, ಒಂದಿಷ್ಟು ಇಡಿಗಂಟು, ಸಂಬಳದ ಅರ್ಧಕ್ಕಿಂತ ಕಡಿಮೆ ಪಿಂಚಣಿ.

"ನನ್ನ ಜೊತೆಯವರ ಬಾಯಿ ಮೂಸೋ ಕೆಲಸ ನನಗೆ ಬೇಡ ಸಾರ್" ಎಂದ ಸಾವಕಾಶಪ್ಪ. ಹೊರಗೆ ಬಂದು ಕ್ಯಾಂಟೀನಿನಲ್ಲಿ ನಾಲ್ಕು ಜನರ ಮುಂದೆಯೂ ಅದನ್ನೇ ಇನ್ನಷ್ಟು ಖಾರವಾಗಿ ಹೇಳಿದ. ಎಲ್ಲರೂ ನಕ್ಕರು. ತಿಂಗಳೊಳಗೆ ಆ ಕುರ್ಚಿಗೆ ಚಿಲ್ಲರೆ ಬಂದು ಕೂತ, ಅವನ ಮೊಣಕಾಲೂ ಸೋತಿತ್ತು. ಅಲ್ಲಿಂದ ಮುಂದೆ ಅವರಿಬ್ಬರ ನಡುವೆ ಇದ್ದ ಹತ್ತು ಮಾತೂ ನಿಂತುಹೋಯಿತು. ಯಾಕೆ ಎಂದು ಇವನು ಕೇಳಲಿಲ್ಲ. ಅವನು ಹೇಳಲಿಲ್ಲ.

ಮೊದಲ ಮೂರು ತಿಂಗಳು ಚೆನ್ನಾಗಿಯೇ ಕಳೆಯಿತು. ಬ್ಯಾಂಕಿನಲ್ಲಿ ಇಡಿಗಂಟು ಇತ್ತು, ಕೈ ಮೊದಲಿನಿಂದಲೂ ಬಿಚ್ಚು. ಸಂಜೆ ಐದಕ್ಕೆ ಡಿಪೋ ಹಿಂದಿನ ಬಾರಿಗೆ ಹೋಗಿ, ಡ್ಯೂಟಿ ಇಳಿದು ಬಂದವರಿಗೆಲ್ಲ "ನನ್ನ ಲೆಕ್ಕಕ್ಕೆ" ಎನ್ನುತ್ತಿದ್ದ. ಅವರೂ "ಏನಪ್ಪಾ ಧಣಿ" ಎಂದು ಕಾಲೆಳೆಯುತ್ತ ಕುಡಿಯುತ್ತಿದ್ದರು. ಆದರೆ ಅವರ ಮಾತೆಲ್ಲ ಹೊಸ ಗಾಡಿಯ ಬ್ರೇಕು, ಹೊಸ ಪಾಳಿ, ಹೊಸ ಇನ್ಸ್‌ಪೆಕ್ಟರು. ಇವನಿಗೆ ಗೊತ್ತಿಲ್ಲದ ಹೆಸರುಗಳು ದಿನಕ್ಕೊಂದು ಹೆಚ್ಚಾದವು. ಬರಬರುತ್ತ ಅವನು ಹಣ ಕೊಡುವುದಕ್ಕೆ ಮಾತ್ರ ಬಾಯಿ ತೆರೆಯುವಂತಾಯಿತು.

ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಮಕ್ಕಳಿರಲಿಲ್ಲ. ಆ ಮಾತು ಆಡಿ ಮುಗಿಸಿ ಎಷ್ಟೋ ವರ್ಷಗಳಾಗಿದ್ದವು. ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಪರೀಕ್ಷಿಸುವ ವಿಭಾಗದ ಮೇಲ್ವಿಚಾರಕಿ. ಯಾವ ಬಟ್ಟೆ ಕೈಗೆ ಸಿಕ್ಕರೂ ಮೊದಲು ಒಳಮಗ್ಗುಲು ತಿರುವಿ ನೋಡುವುದು ಅವಳ ಕೈಗೆ ಅಂಟಿದ ಚಾಳಿ. ದಿನವಿಡೀ ತಪ್ಪು ಹುಡುಕಿ ಬಂದವಳು ಮನೆಯಲ್ಲಿ ಯಾರ ತಪ್ಪನ್ನೂ ಎತ್ತಿ ಆಡುತ್ತಿರಲಿಲ್ಲ. ಆದರೆ ಒಂದು ಬೆಳಿಗ್ಗೆ ಅವಳು ಫ್ಲಾಸ್ಕಿಗೆ ಚಹಾ ತುಂಬಿ ಚೀಲದಲ್ಲಿಡುವುದನ್ನು ಅವನು ನೋಡಿದ.

"ಕ್ಯಾಂಟೀನ್ ಮುಚ್ಚಿದ್ದಾರಾ?"

"ಇಲ್ಲ. ಅಲ್ಲಿ ಚಹಾ ದುಬಾರಿ ಆಗಿದೆ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಆ ಫ್ಲಾಸ್ಕು ಅವನಿಗೆ ಇಡೀ ದಿನ ಚುಚ್ಚಿತು. ತಾನು ಹತ್ತು ಜನರಿಗೆ ಹೆಂಡ ಕುಡಿಸುತ್ತಿದ್ದರೆ ಇವಳು ಒಂದು ಲೋಟ ಚಹಾಕ್ಕೆ ಕೈ ಬಿಗಿ ಹಿಡಿಯುತ್ತಿದ್ದಾಳೆ. ಸಾವಕಾಶಪ್ಪ ಅಂದೇ ಖರ್ಚಿಗೆ ಕಡಿವಾಣ ಹಾಕಲು ಕೂತ. ಪತ್ರಿಕೆ ನಿಲ್ಲಿಸಿದ. ಕ್ಷೌರದಂಗಡಿಗೆ ಹೋಗಿ ಗಡ್ಡ ಕೆರೆಸಿಕೊಳ್ಳುವುದು ನಿಂತಿತು, ಮನೆಯಲ್ಲೇ ಕೆರೆದುಕೊಂಡು ಗಲ್ಲ ಕುಯ್ದುಕೊಂಡ. ಬಾರಿಗೆ ಹೋಗುವುದನ್ನು ಪೂರಾ ಬಿಟ್ಟ. ಅದೇ ರಮ್ಮು ಅಂಗಡಿಯಿಂದ ಬಾಟಲಿ ಕೊಂಡು ತಂದರೆ ಬಾರಿನ ಅರ್ಧ ಬೆಲೆ. ಇಷ್ಟು ಸರಳ ಸಂಗತಿ ಇಪ್ಪತ್ತು ವರ್ಷ ತನ್ನ ತಲೆಗೆ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ. ಹೆಂಡತಿಗೂ ಹೇಳಿದ. ಅವಳು "ನಿಮಗೆ ಸರಿ ಅನ್ನಿಸಿದ್ರೆ ಸರಿ" ಎಂದಳು.

ಬಾರಿನಲ್ಲಿ ಸಪ್ಲೈಯರ್ ಅಳತೆಯ ಲೋಟದಲ್ಲಿ ಅಳೆದು ಸುರಿಯುತ್ತಿದ್ದ, ಒಂದು ತೊಟ್ಟು ಜಾಸ್ತಿ ಕೇಳಿದರೂ ಮುಖ ಹಿಂಡುತ್ತಿದ್ದ. ಮನೆಯ ಬಾಟಲಿಗೆ ಅಂಥ ಸಪ್ಲೈಯರ್ ಇರಲಿಲ್ಲ. ಎರಡು ಪೆಗ್ಗು ಎಂದು ಸುರಿದದ್ದು ಮೂರಾಗಿರುತ್ತಿತ್ತು, ಅದಕ್ಕೆ ಹೊಂದಿಕೆಯಾಗಲಿ ಎಂದು ಇನ್ನೊಂದು ಚೂರು. ಬೆಳಿಗ್ಗೆ ಐದಕ್ಕೆ ಬಾಯಿ ನೋಡುವವರಿಲ್ಲ, ಹಾಗಾಗಿ ಎಂಟು ಗಂಟೆಗೆ ಲೋಟ ಮಗುಚುವ ಅವಸರವೂ ಇಲ್ಲ. ಒಂದು ವಾರಕ್ಕೆ ಬರಬೇಕಿದ್ದ ಬಾಟಲಿ ನಾಲ್ಕು ದಿನಕ್ಕೆ ಇಳಿಯಿತು, ಆಮೇಲೆ ಮೂರಕ್ಕೆ. ಬೆಲೆ ಅರ್ಧವಾದರೂ ಖರ್ಚು ಮೊದಲಿನಷ್ಟೇ ಆಯಿತು. ಅದಕ್ಕೆ ಅವನು ಬ್ರಾಂಡು ಬದಲಿಸಿ ಇನ್ನೂ ಅಗ್ಗದ್ದಕ್ಕೆ ಇಳಿದ. ಅದು ಗಂಟಲಲ್ಲಿ ಸೀಮೆಎಣ್ಣೆಯ ಹಾಗೆ ಇಳಿಯುತ್ತಿತ್ತು. ಅಭ್ಯಾಸವಾಯಿತು.

ಹೊತ್ತೂ ಜಾರತೊಡಗಿತು. ಸಂಜೆ ಐದು ಎಂಬುದು ನಾಲ್ಕಾಯಿತು, ಮಧ್ಯಾಹ್ನದ ಊಟಕ್ಕೆ ಮುಂಚೆ ಆಯಿತು. ಕೊನೆಗೆ ಹನ್ನೊಂದಕ್ಕೆ ಬಂದು ನಿಂತಿತು. ಹನ್ನೊಂದಕ್ಕಿಂತ ಮುಂಚೆ ಮಾತ್ರ ಮುಟ್ಟುವುದಿಲ್ಲ ಎಂದು ತನಗೆ ತಾನೇ ಗೆರೆ ಎಳೆದುಕೊಂಡಿದ್ದ. ಅದನ್ನು ಪಾಲಿಸುತ್ತಿದ್ದೇನಲ್ಲ ಎಂಬ ಹೆಮ್ಮೆಯೂ ಒಳಗೊಳಗೆ ಇತ್ತು. ಎಂಟಕ್ಕೆ ಹೆಂಡತಿ ಹೊರಟ ಮೇಲೆ ಪಾತ್ರೆ ತೊಳೆಯುವನು, ಬಟ್ಟೆ ಒಣಹಾಕುವನು, ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕೂರುವನು. ಕೆಳಗೆ ಬೀದಿಯಲ್ಲಿ ಬಸ್ಸು ಹೋಗುವ ಸದ್ದಿನಿಂದಲೇ ಯಾವ ಗೇರಿನಲ್ಲಿದೆ ಎಂದು ತಿಳಿಯುತ್ತಿತ್ತು. "ಎರಡಕ್ಕೆ ಇಳಿಸೋ ಮಾರಾಯ, ಏರು ಇದೆ" ಎಂದು ಒಮ್ಮೊಮ್ಮೆ ಗಟ್ಟಿಯಾಗಿಯೇ ಹೇಳಿಬಿಡುವನು. ಖಾಲಿ ಮನೆಯಲ್ಲಿ ತನ್ನ ದನಿ ಕೇಳಿ ತಾನೇ ಬೆಚ್ಚಿ ಹಿಂತಿರುಗಿ ನೋಡುವನು.

ಒಂದು ದಿನ ಹೀಗೇ ಹನ್ನೊಂದು ಕಳೆದು, ಎರಡು ಲೋಟ ಮುಗಿದು, ಮೂರನೆಯದು ಅರ್ಧವಾಗಿದ್ದಾಗ ಫೋನು ಬಂತು. ಹೆಂಡತಿ. ಕೆಲಸದ ಹೊತ್ತಿನಲ್ಲಿ ಅವಳು ಫೋನು ಮಾಡುವವಳೇ ಅಲ್ಲ.

"ರೀ, ಮನೇಲೇ ಇದೀರಾ?"

"ಇನ್ನೆಲ್ಲಿರ್ತೀನಿ. ಏನಾಯ್ತು?"

"ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ. ಮಣಿಕಟ್ಟು ಊದಿಕೊಂಡಿದೆಯಂತೆ, ಫೋನಲ್ಲೇ ಅಳ್ತಿದ್ಲು. ನಾನು ಈಗ ಹೊರಟ್ರೂ ಒಂದೂವರೆ ಗಂಟೆ ಬೇಕು. ದರ್ಜಿಯವರ ಕಾರು ಇಸ್ಕೊಂಡು ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿಬಿಡಿ. ನಾನು ಸೀದಾ ಅಲ್ಲಿಗೇ ಬರ್ತೀನಿ."

"ಹ್ಞೂಂ" ಎಂದ.

ಹೆಂಡತಿಯ ಅಕ್ಕ, ಅವನಿಗೆ ಅತ್ತಿಗೆ, ಎರಡು ಬೀದಿ ಆಚೆ ಒಬ್ಬಳೇ ಇದ್ದಳು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಎದುರುಮನೆಯ ದರ್ಜಿ ಹೋದ ವರ್ಷ ಹಳೆಯದೊಂದು ಕಾರು ಕೊಂಡು, ಅದನ್ನು ಓಡಿಸುವುದಕ್ಕಿಂತ ಒರೆಸುವುದಕ್ಕೇ ಹೆಚ್ಚು ಹೊತ್ತು ಕಳೆಯುತ್ತಿದ್ದ. ಸಾವಕಾಶಪ್ಪ ಬಾಯಿ ಮುಕ್ಕಳಿಸಿ, ಮುಖ ತೊಳೆದು, ಅಂಗಿ ಬದಲಿಸಿ, ದರ್ಜಿಯ ಅಂಗಡಿಯ ಬಾಗಿಲಲ್ಲಿ ದೂರವೇ ನಿಂತು ವಿಷಯ ಹೇಳಿದ. ದರ್ಜಿ ಕೀಲಿಯನ್ನು ಮೇಜಿನ ಮೇಲಿಂದ ತಳ್ಳಿ, "ನಿಮ್ಮ ಕೈಗೆ ಕೊಡೋಕೆ ನನಗೇನು ಯೋಚನೆ ಸಾರ್, ನನಗಿಂತ ಕಾರಿಗೇ ಖುಷಿ" ಎಂದ.

ಕಾರಿನಲ್ಲಿ ಕೂತ. ಸೀಟು ಹಿಂದಕ್ಕೆ ಸರಿಸಿದ, ಕನ್ನಡಿ ಸರಿಮಾಡಿಕೊಂಡ. ಕೈ ತಾನೇ ತಾನಾಗಿ ಎಲ್ಲ ಮಾಡಿತು. ಕೀಲಿ ಹಾಕಿದವನು ತಿರುಗಿಸದೆ ಕೂತ. ಮೂರು ಕಿಲೋಮೀಟರ್ ದಾರಿ, ಕಣ್ಣುಮುಚ್ಚಿ ಓಡಿಸುವಷ್ಟು ಪಳಗಿದ್ದು. ಎರಡೂವರೆ ಲೋಟದಲ್ಲಿ ಏನಾಗುತ್ತದೆ, ತಲೆ ನೆಟ್ಟಗಿದೆ, ಕೈ ಗಟ್ಟಿಯಾಗಿದೆ. ಹೀಗೆಲ್ಲ ತನಗೆ ತಾನೇ ಹೇಳಿಕೊಳ್ಳುತ್ತಿರುವಾಗ ಡಿಪೋ ಗೇಟಿನಲ್ಲಿ ಸಿಕ್ಕಿಬಿದ್ದ ಡ್ರೈವರುಗಳ ಮಾತು ನೆನಪಾಯಿತು. "ಸಾರ್, ತಲೆ ನೆಟ್ಟಗಿದೆ ಸಾರ್, ಕೈ ನೋಡಿ ಸಾರ್ ಹೇಗಿದೆ." ಅವರ ಹಿಂದೆ ಸಾಲಿನಲ್ಲಿ ನಿಂತು ಎಷ್ಟು ಸಲ ನಕ್ಕಿರಲಿಲ್ಲ ತಾನು! ಅಂಗೈ ಬಾಯಿಗಡ್ಡ ಹಿಡಿದು ಊದಿದ. ಮುಕ್ಕಳಿಸಿದ್ದೆಲ್ಲ ವ್ಯರ್ಥ, ವಾಸನೆ ಕಾರಿನ ತುಂಬ ಇತ್ತು.

ಕೀಲಿ ತೆಗೆದುಕೊಂಡು ಅಂಗಡಿಗೆ ವಾಪಸು ಬಂದ.

"ಏನ್ ಸಾರ್, ಸ್ಟಾರ್ಟ್ ಆಗ್ಲಿಲ್ವಾ?"

"ನೀವೇ ಓಡಿಸಬೇಕು."

"ನಾನಾ? ಆಸ್ಪತ್ರೆ ದಾರಿಯ ಆ ಸರ್ಕಲ್ ಹತ್ರ ನನಗೆ ಕೈಕಾಲೇ ಆಡಲ್ಲ ಸಾರ್. ನೀವಿದ್ದೂ..."

"ನಾನು ಕುಡಿದಿದೀನಿ" ಎಂದ ಸಾವಕಾಶಪ್ಪ.

ಈ ಮಾತನ್ನು ಅವನು ಹಿಂದೆ ಯಾವತ್ತೂ ಯಾರಿಗೂ ಹೇಳಿರಲಿಲ್ಲ. ದರ್ಜಿ ಗೋಡೆಯ ಗಡಿಯಾರ ನೋಡಿದ. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಕತ್ತರಿ ಕೆಳಗಿಟ್ಟು, ಅಂಗಡಿಯ ಬಾಗಿಲು ಎಳೆದ.

ಅತ್ತಿಗೆ ಮೆಟ್ಟಿಲ ಮೇಲೆ ಕೂತು ಕೈಯನ್ನು ಎದೆಗೊತ್ತಿಕೊಂಡಿದ್ದಳು. ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಮೊಣಕೈ ಕೆಳಗೆ ಟವೆಲ್ ಮಡಚಿ ಹಿಡಿದುಕೊಂಡು ಸಾವಕಾಶಪ್ಪ ಪಕ್ಕದಲ್ಲಿ ಕೂತ. ಕಾರು ಹೊರಟ ಎರಡು ನಿಮಿಷಕ್ಕೆ ಅವಳು ಅವನ ಕಡೆ ತಿರುಗಿ ನೋಡಿದಳು. ನೋವಿನ ಮುಖವೇ ಆದರೂ ಮೂಗಿನ ಹೊಳ್ಳೆ ಬಿಗಿದದ್ದು ಕಂಡಿತು.

"ಈ ಹೊತ್ತಲ್ಲಿ ಕುಡೀತೀರಾ?" ಎಂದು ದರ್ಜಿಗೆ ಕೇಳಿಸದ ಹಾಗೆ ಕೇಳಿದಳು. ಉತ್ತರಕ್ಕೆ ಕಾಯದೆ ಮುಖವನ್ನು ಕಿಟಕಿಯ ಕಡೆ ಮಾಡಿಕೊಂಡಳು.

ವೃತ್ತದಲ್ಲಿ ಕಾರು ಮೂರು ಸಲ ನಿಂತಿತು. ಹಿಂದಿನಿಂದ ಹಾರ್ನುಗಳ ಸುರಿಮಳೆ. ಪ್ರತಿ ಜಗ್ಗಾಟಕ್ಕೂ ಅತ್ತಿಗೆ ಹಲ್ಲು ಕಚ್ಚುತ್ತಿದ್ದಳು. ಕ್ಲಚ್ಚು ನಿಧಾನಕ್ಕೆ ಬಿಡಬೇಕು, ಇಷ್ಟೇ ಹೇಳಬೇಕಿತ್ತು, ಎರಡೇ ಮಾತು. ಬಾಯಿ ತೆರೆದರೆ ವಾಸನೆ ಹೊರಗೆ ಬರುತ್ತದೆ ಎಂದು ಅವನು ತುಟಿ ಬಿಗಿದುಕೊಂಡು ಕೂತ. ಹಿಂದಿನ ಸೀಟಿನಲ್ಲಿ ಇಲ್ಲದ ಬ್ರೇಕನ್ನು ಅವನ ಬಲಗಾಲು ಒತ್ತುತ್ತಲೇ ಇತ್ತು.

ಒಂದೂವರೆ ಗಂಟೆ ಬಿಟ್ಟು ಹೆಂಡತಿ ಬಂದಳು. ಅಷ್ಟರಲ್ಲಿ ಎಕ್ಸ್‌ರೇ ಆಗಿ, ಮೂಳೆ ಬಿರುಕು ಬಿಟ್ಟಿದೆ ಎಂದು ಪ್ಲಾಸ್ಟರು ಹಾಕುತ್ತಿದ್ದರು. ಅವಳು ಕಾರಿಡಾರಿನಲ್ಲಿ ನಿಂತು, ಬೆಂಚಿನ ಮೇಲೆ ಕೂತ ದರ್ಜಿಯ ಕೈಯಲ್ಲಿದ್ದ ಕೀಲಿ ನೋಡಿದಳು, ಗೋಡೆಗೆ ಒರಗಿ ನಿಂತ ಗಂಡನನ್ನು ನೋಡಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ. "ತುಂಬ ಉಪಕಾರ ಆಯ್ತಣ್ಣ, ನಿಮ್ಮ ಅಂಗಡಿ ಕೆಲಸ ಕೆಡಿಸಿದ್ವಿ" ಎಂದು ದರ್ಜಿಗೆ ಹೇಳಿ ಒಳಗೆ ಹೋದಳು.

ಸಂಜೆ ಮನೆಯಲ್ಲಿ ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒಣಗಿದ ಬಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದಾಗಿ ಮಡಚುತ್ತಿದ್ದಳು. ಅವನ ಅಂಗಿಯೊಂದನ್ನು ಒಳಮಗ್ಗುಲು ತಿರುವಿ, ಬಗಲ ಹೊಲಿಗೆ ಬಿಟ್ಟ ಕಡೆ ಬೆರಳಿಟ್ಟು ಕೇಳಿದಳು:

"ಎಷ್ಟು ಗಂಟೆಗೆ ಶುರು ಮಾಡ್ತೀರಿ?"

"ಹನ್ನೊಂದಕ್ಕೆ."

"ನಾನು ಎಂಟಕ್ಕೆ ಹೋಗ್ತೀನಿ. ಹನ್ನೊಂದರ ತನಕ ಏನ್ ಮಾಡ್ತೀರಿ?"

"ಹನ್ನೊಂದಾಗ್ಲಿ ಅಂತ ಕಾಯ್ತೀನಿ" ಎಂದ.

ಅವಳ ಕೈ ನಿಂತಿತು. ಅವನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ತನ್ನ ಮೂಗಿನ ಕೆಳಗೇ ಇದ್ದದ್ದು ಇಷ್ಟು ದಿನ ಕಾಣಲಿಲ್ಲವಲ್ಲ ಎಂಬ ಪೆಚ್ಚು ಇತ್ತು.

"ನನಗೆ ಹೇಳಬಾರ್ದಿತ್ತಾ?"

"ಏನಂತ ಹೇಳ್ಲಿ? ಹೊತ್ತು ಹೋಗಲ್ಲ ಅಂತಾನಾ? ದುಡಿದು ಸುಸ್ತಾಗಿ ಬಂದವಳ ಹತ್ರ?"

ಅವನು ಎದ್ದು ಹೋಗಿ ಬೀರುವಿನ ಹಿಂದಿದ್ದ ಬಾಟಲಿ ತಂದು ಅವಳ ಮುಂದಿಟ್ಟ. "ನೀನೇ ಚೆಲ್ಲಿಬಿಡು."

"ನಾನ್ಯಾಕೆ ಚೆಲ್ಲಲಿ? ನಾಳೆ ನನ್ನ ಮೇಲೆ ಸಿಟ್ಟು ಬರುತ್ತೆ ನಿಮಗೆ. ಚೆಲ್ಲೋದಿದ್ರೆ ನೀವೇ ಚೆಲ್ಲಿ."

ಅವನು ಬಚ್ಚಲಿಗೆ ಹೋಗಿ ಚೆಲ್ಲಿದ. ಅಗ್ಗದ ರಮ್ಮಿನ ವಾಸನೆ ಎಷ್ಟು ನೀರು ಹುಯ್ದರೂ ಹೋಗಲಿಲ್ಲ.

ಮರುದಿನ ಬೆಳಗಿನ ಐದಕ್ಕೆ, ಯಾಕೆ ಎಂದು ತನಗೇ ಸರಿಯಾಗಿ ತಿಳಿಯದೆ, ಸಾವಕಾಶಪ್ಪ ಡಿಪೋ ಗೇಟಿನ ಮುಂದೆ ನಿಂತಿದ್ದ. ಬಸ್ಸುಗಳು ಸಾಲಾಗಿ ನಿಂತು ಹೊಗೆ ಬಿಡುತ್ತಿದ್ದವು. ಡ್ರೈವರುಗಳು ಒಬ್ಬೊಬ್ಬರೇ ಊದಿ, ಸಹಿ ಹಾಕಿ, ಒಳಗೆ ಹೋಗುತ್ತಿದ್ದರು. ಹೆಚ್ಚಿನವರು ಹೊಸಬರು. ಒಬ್ಬಿಬ್ಬರು ಹಳಬರು "ಏನಪ್ಪಾ, ಮತ್ತೆ ಸೇರಿದ್ಯಾ?" ಎಂದು ಬೆನ್ನು ತಟ್ಟಿ ಹೋದರು. ಸಾಲು ಖಾಲಿಯಾಗುವ ತನಕ ಕಾದು ಅವನು ಕಿಟಕಿಯ ಹತ್ತಿರ ಹೋದ. ಚಿಲ್ಲರೆ ತಲೆ ಎತ್ತಿದ. ಕನ್ನಡಕ ಬಂದಿತ್ತು, ಮುಖ ಒಣಗಿತ್ತು.

"ನನಗೂ ಒಂದ್ಸಲ ಹಿಡಿ" ಎಂದ ಸಾವಕಾಶಪ್ಪ.

"ತಮಾಷೆನಾ?"

"ಅಲ್ಲ."

ಚಿಲ್ಲರೆ ಆಚೀಚೆ ನೋಡಿದ. ಹೊಸ ನಳಿಗೆಯೊಂದನ್ನು ಪೊಟ್ಟಣದಿಂದ ತೆಗೆದು ಸಿಕ್ಕಿಸಿ ಡಬ್ಬಿಯನ್ನು ಮುಂದೆ ಹಿಡಿದ. ಸಾವಕಾಶಪ್ಪ ಎದೆ ತುಂಬ ಉಸಿರೆಳೆದುಕೊಂಡು ಊದಿದ. ಪೀಪಿ ಸಣ್ಣಗೆ ಕೂಗಿ ನಿಂತಿತು.

"ಸೊನ್ನೆ" ಎಂದ ಚಿಲ್ಲರೆ. "ಸೊನ್ನೆ ಬಂದವರಿಗೆ ಇಲ್ಲಿ ಬಸ್ ಕೊಡ್ತಾರೆ. ನಿನಗೇನು ಕೊಡ್ಲಪ್ಪ ನಾನು?"

ಅವನು ನಗಿಸಲೆಂದೇ ಹೇಳಿದ್ದು. ಸಾವಕಾಶಪ್ಪನಿಗೆ ನಗು ಬರಲಿಲ್ಲ. ಕಿಟಕಿಯ ಕಟ್ಟೆ ಹಿಡಿದುಕೊಂಡು ನಿಂತ. ಅದನ್ನು ಕಂಡು ಚಿಲ್ಲರೆಯ ನಗುವೂ ಆರಿತು.

"ಕೂತ್ಕೊಳ್ತೀಯಾ?"

"ಬೇಡ. ನನ್ನ ಮೇಲೆ ಸಿಟ್ಟಿದೆ ನಿನಗೆ" ಎಂದ.

"ಬಾಯಿ ಮೂಸೋ ಕೆಲಸ ಅಂದ್ಯಲ್ಲ, ಕ್ಯಾಂಟೀನಲ್ಲಿ. ನನ್ನ ಕಿವಿಗೂ ಬಿತ್ತು. ನನಗೆ ಇಬ್ಬರು ಹೆಣ್ಣುಮಕ್ಕಳು ಓದ್ತಿದ್ದಾರೆ. ನಿನ್ನ ಹಾಗೆ ಬೇಡ ಅನ್ನೋಕೆ ಆಗ್ತಿರಲಿಲ್ಲ."

"ಅಂದಿದ್ದು ಹೌದು. ತಪ್ಪಾಯ್ತು."

"ಆಯ್ತು ಬಿಡು."

"ಒಂದಿನ ಮನೆ ಕಡೆ ಬಾ."

"ಬರ್ತೀನಿ. ಈಗ ಭಾನುವಾರನೂ ಡ್ಯೂಟಿ ಹಾಕ್ತಿದ್ದಾರೆ. ನೋಡ್ತೀನಿ" ಎಂದ ಚಿಲ್ಲರೆ. ಅಷ್ಟರಲ್ಲಿ ಮುಂದಿನ ಪಾಳಿಯವರು ಬಂದು ಸಾಲು ನಿಂತರು. ಸಾವಕಾಶಪ್ಪ ಪಕ್ಕಕ್ಕೆ ಸರಿದ. ಯಾರೋ ಹುಡುಗ ಡ್ರೈವರು ಅವನಿಗೆ "ಸ್ವಲ್ಪ ಜಾಗ ಬಿಡಿ ಯಜಮಾನ್ರೇ" ಎಂದ.

ಮನೆಗೆ ನಡೆದುಕೊಂಡೇ ಬಂದ. ಆ ವಾರ ಕೆಟ್ಟದಾಗಿತ್ತು. ನಿದ್ದೆ ಹತ್ತಲಿಲ್ಲ, ಅಂಗೈ ಬೆವರುತ್ತಿತ್ತು, ಯಾರ ಮೇಲಾದರೂ ರೇಗಬೇಕೆಂದರೆ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಹನ್ನೊಂದಾದಾಗ ಎದ್ದು ಬಾಗಿಲಿಗೆ ಬೀಗ ಹಾಕಿ ಬೀದಿ ಬೀದಿ ಸುತ್ತಿದ. ಅತ್ತಿಗೆಯ ಮನೆಗೆ ತರಕಾರಿ ಕೊಂಡುಕೊಂಡು ಹೋದ. ಅವಳು ಬಾಗಿಲಲ್ಲೇ ಚೀಲ ಇಸಿದುಕೊಂಡು, ಹತ್ತಿರ ನಿಲ್ಲಿಸಿಕೊಂಡು, ಎರಡು ಮಾತು ಹೆಚ್ಚೇ ಆಡಿಸಿದಳು. ತನ್ನ ಉಸಿರು ನೋಡುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಗೊತ್ತಾದದ್ದನ್ನು ತೋರಿಸಿಕೊಳ್ಳಲಿಲ್ಲ.

ಹತ್ತನೆಯ ದಿನ ಅವನು ಹೆಂಡತಿಗೆ ಹೇಳಿದ: "ಪೂರಾ ಬಿಡ್ತೀನಿ ಅಂತ ಸುಳ್ಳು ಹೇಳಲ್ಲ. ಮನೆಗೆ ಬಾಟಲಿ ತರಲ್ಲ. ವಾರಕ್ಕೆರಡು ದಿನ, ಸಂಜೆ ಐದರ ಮೇಲೆ, ಇಲ್ಲೇ ಮುಂದಿನ ರಸ್ತೆ ಬಾರಲ್ಲಿ, ಎರಡೇ ಪೆಗ್ಗು."

"ಬಾರಲ್ಲಿ ದುಬಾರಿ ಅಂದಿದ್ರಲ್ಲ?"

"ದುಬಾರಿ ಆದ್ರೇನೇ ಒಳ್ಳೇದು. ಅಲ್ಲಿ ಅಳೆದು ಕೊಡೋನೊಬ್ಬ ಇರ್ತಾನೆ."

ಅವಳು ಯೋಚಿಸಿ ಆಗಲಿ ಎಂದಳು. "ಇನ್ನೊಂದು. ನಿನ್ನ ಚಹಾಕ್ಕೆ ಕೈ ಬಿಗಿ ಹಿಡೀಬೇಡ. ಕ್ಯಾಂಟೀನಲ್ಲೇ ಕುಡಿ" ಎಂದ ಅವನು. "ನನಗೆ ಫ್ಲಾಸ್ಕಿನ ಚಹಾನೇ ರುಚಿ ಆಗಿದೆ ಈಗ" ಎಂದಳು ಅವಳು. ಅದು ನಿಜವೋ ಸುಳ್ಳೋ ಅವನಿಗೆ ಕೊನೆಗೂ ತಿಳಿಯಲಿಲ್ಲ.

ಮುಂದಿನ ರಸ್ತೆಯ ಬಾರಿನಲ್ಲಿ ಅವನನ್ನು ಬಲ್ಲವರಿರಲಿಲ್ಲ. ಗೋಡೆ ಪಕ್ಕದ ಒಂಟಿ ಮೇಜಿಗೆ ಕೂತು, ಒಂದು ಗಂಟೆ ಹೊತ್ತು ಎರಡು ಪೆಗ್ಗನ್ನು ಜಗಿದು ಜಗಿದು ಕುಡಿಯುವನು. ಪಕ್ಕದ ಮೇಜುಗಳಲ್ಲಿ ನಗು, ಜಗಳ, ಪಂದ್ಯದ ಮಾತು. ಯಾರಿಗಾದರೂ "ನನ್ನ ಲೆಕ್ಕಕ್ಕೆ" ಎನ್ನಬೇಕೆಂದು ನಾಲಿಗೆ ತುದಿಗೆ ಬರುತ್ತಿತ್ತು. ಅಂದರೆ ಒಂದು ಸಂಜೆಯ ಮಟ್ಟಿಗೆ ಗೆಳೆಯರು ಸಿಗುತ್ತಿದ್ದರು, ಅದು ಅವನಿಗೆ ಗೊತ್ತಿತ್ತು. ತುಟಿ ಕಚ್ಚಿಕೊಂಡು ತನ್ನದಷ್ಟಕ್ಕೆ ಹಣ ಕೊಟ್ಟು ಎದ್ದು ಬರುವನು. ಐದನೆಯ ವಾರದಲ್ಲಿ ಒಂದು ಮಧ್ಯಾಹ್ನ ತಪ್ಪಿದ. ಅಂಗಡಿಯಿಂದ ಒಂದು ಕ್ವಾರ್ಟರ್ ಕೊಂಡು, ಕಳ್ಳನ ಹಾಗೆ ಗೋಡೆ ಮರೆಯಲ್ಲಿ ನಿಂತು ಕುಡಿದುಬಿಟ್ಟ. ಸಂಜೆ ಹೆಂಡತಿ ಚೀಲ ಇಳಿಸುವ ಮೊದಲೇ ಹೇಳಿಕೊಂಡ. ಅವಳು "ನೀವಾಗೇ ಹೇಳಿದ್ರಲ್ಲ" ಎಂದಷ್ಟೇ ಅಂದು ಕೈಕಾಲು ತೊಳೆಯಲು ಹೋದಳು.

ಏಳನೆಯ ವಾರ ಅತ್ತಿಗೆಯ ಪ್ಲಾಸ್ಟರು ತೆಗೆಸುವ ದಿನ ಬಂತು. ಹಿಂದಿನ ದಿನವೇ ಅವನು ಹೆಂಡತಿಗೆ, "ನಾಳೆ ನಾನೇ ಕರ್ಕೊಂಡು ಹೋಗ್ತೀನಿ, ದರ್ಜಿ ಹತ್ರ ಕೀಲಿ ಇಸ್ಕೊಳ್ತೀನಿ" ಎಂದ. ಅವಳು ತಡವರಿಸಿದಳು.

"ಅಕ್ಕ ದರ್ಜಿಯವರಿಗೇ ಹೇಳಿಬಿಟ್ಟಿದ್ದಾಳೆ ರೀ. ಅವರೇ ಓಡಿಸ್ತಾರಂತೆ."

"ಅವನಿಗೆ ರಿವರ್ಸ್ ಬರಲ್ಲ."

"ಬರಲ್ಲ. ಆದ್ರೂ ಅವರಿಗೇ ಹೇಳಿದ್ದಾಳೆ."

ಅವನು ತಲೆಯಾಡಿಸಿದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮರುದಿನ ಬೆಳಿಗ್ಗೆ ಕಿಟಕಿಯಲ್ಲಿ ನಿಂತು ನೋಡಿದ. ದರ್ಜಿ ಕಾರನ್ನು ಬೀದಿಯ ತುದಿಯ ತನಕ ಒಂದನೇ ಗೇರಿನಲ್ಲೇ ಕೊಂಡೊಯ್ದ. ಆಮೇಲೆ ಸಾವಕಾಶಪ್ಪ ಅಡುಗೆ ಮಾಡಿದ, ಉಂಡ, ತಟ್ಟೆ ತೊಳೆದ. ಮಲಗಿದರೆ ಕಣ್ಣು ಹತ್ತಲಿಲ್ಲ. ಆ ದಿನ ಬಾರಿನ ದಿನವೂ ಅಲ್ಲ. ನಾಲ್ಕೂವರೆಗೆ ಬೀಗ ಹಾಕಿಕೊಂಡು ಹೊರಟು ಮುಖ್ಯರಸ್ತೆಯ ಬಸ್ ನಿಲ್ದಾಣಕ್ಕೆ ಹೋಗಿ ಕೂತ. ಹೆಂಡತಿ ಇಳಿಯುವುದು ಅಲ್ಲೇ, ಆರೂವರೆಗೆ.

ಮಗುವನ್ನು ಸೊಂಟದ ಮೇಲೆ ಹೊತ್ತ ಹೆಂಗಸೊಬ್ಬಳು ಕೈಯಲ್ಲಿ ಚೀಟಿ ಹಿಡಿದು ಅವನ ಹತ್ತಿರ ಬಂದಳು. "ಅಣ್ಣಾ, ಕಣ್ಣಾಸ್ಪತ್ರೆಗೆ ಯಾವ ಬಸ್ಸು?"

"ಹದಿನೇಳು ಬರುತ್ತೆ, ಅದಕ್ಕೆ ಹತ್ತಬೇಡಿ, ಸುತ್ತು ಹಾಕುತ್ತೆ" ಎಂದ ಅವನು ನೆಟ್ಟಗೆ ಕೂತು. "ಅದರ ಹಿಂದೆ ಇಪ್ಪತ್ತೆರಡು ಬರುತ್ತೆ. ಟಪಾಲು ಕಚೇರಿ ಸ್ಟಾಪಲ್ಲಿ ಇಳೀರಿ, ಆಸ್ಪತ್ರೆ ಸ್ಟಾಪ್ ಅಂತ ಕೂಗಿದ್ರೂ ಅಲ್ಲಿ ತನಕ ಹೋಗಬೇಡಿ, ರಸ್ತೆ ದಾಟೋದು ಕಷ್ಟ. ಮಗು ಬೇರೆ ಇದೆ. ಮುಂದಿನ ಬಾಗಿಲಲ್ಲಿ ಹತ್ತಿ, ಎಡಗಡೆ ಎರಡನೇ ಸೀಟಿಗೆ ಜಗ್ಗಾಟ ಕಮ್ಮಿ."

ಅವಳು ಎಲ್ಲವನ್ನೂ ಗಮನವಿಟ್ಟು ಕೇಳಿದಳು, ಒಂದು ಸಲ ತಿರುಗಿ ಹೇಳಿ ಒಪ್ಪಿಸಿಯೂ ಬಿಟ್ಟಳು. ಹದಿನೇಳು ಹೋಯಿತು. ಇಪ್ಪತ್ತೆರಡು ಬಂತು. ಅವಳು ಮುಂದಿನ ಬಾಗಿಲಲ್ಲೇ ಹತ್ತಿ, ಎಡಗಡೆ ಎರಡನೇ ಸೀಟಿನಲ್ಲೇ ಕೂತು, ಕಿಟಕಿಯಿಂದ ಅವನಿಗೆ ಕೈ ತೋರಿಸಿದಳು. ಅವನೂ ಕೈ ಎತ್ತಿದ. ಬಸ್ಸು ಹೊರಟುಹೋಯಿತು.

ನಿಲ್ದಾಣದ ಗಡಿಯಾರದಲ್ಲಿ ಐದು ಗಂಟೆಯಾಗಿತ್ತು. ಅವನು ಬೆಂಚಿನ ಮೇಲೆ ಬೆನ್ನಿಗೆ ಹಿತವಾಗುವ ಹಾಗೆ ಸರಿದು ಕೂತು, ಹೆಂಡತಿಯ ಬಸ್ಸು ಬರುವ ದಿಕ್ಕಿಗೆ ಮುಖಮಾಡಿ ಕಾಯತೊಡಗಿದ.